ಹವಳದ ತೊಟ್ಟಿಗೆ ಪಾಚಿಯ ಜರಡಿ

ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವ ಹವ್ಯಾಸಿಗಳಿಗೆ ಪಾಚಿ ಶತ್ರು. ಅದನ್ನೇ ಬೇರೆಡೆ ಬೆಳೆಸಿ ತೊಟ್ಟಿಯ ನೀರನ್ನು ಶುದ್ಧಗೊಳಿಸಬಹುದೆಂದರೆ ನಿಮಗೆ ಅಚ್ಚರಿಯಾದೀತು.

ಮೀನಿಗೆ ಹಾಕುವ ಆಹಾರದಲ್ಲಿ ನೈಟ್ರೋಜನ್, ರಂಜಕಗಳಿವೆ. ಮೀನು ವಿಸರ್ಜಿಸುವ ಅಮೋನಿಯವನ್ನು ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ವಿಷ ತಗ್ಗಿತು, ನಿಜ. ಆದರೆ ನೈಟ್ರೋಜನ್ ತೊಟ್ಟಿಯಲ್ಲೇ ಉಳಿಯಿತಲ್ಲ! ರಂಜಕವಂತೂ ಅನಿಲವಾಗಿ ಹೋಗುವಂಥದ್ದಲ್ಲ. ಫಾಸ್ಫೇಟ್ ಹೆಚ್ಚಾದರೆ ಹವಳದ ಸುಣ್ಣದ ಅಸ್ಥಿ ಬೆಳೆಯುವುದಕ್ಕೇ ಅಡ್ಡಿ.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಇದಕ್ಕೊಂದು ಸಾಧನ ರೂಪಿಸಿ 1982ರಲ್ಲಿ ಪೇಟೆಂಟ್ ಪಡೆದರು. ಒರಟು ಪರದೆಯ ಮೇಲೆ ತೊಟ್ಟಿಯ ನೀರು ತೆಳುವಾಗಿ ಹರಿಯುತ್ತದೆ; ಎದುರಿಗೆ ಪ್ರಖರ ದೀಪ. ಪರದೆಗಂಟಿ ಬೆಳೆಯುವ ಪಾಚಿ ನೈಟ್ರೇಟ್, ಫಾಸ್ಫೇಟ್‌ಗಳನ್ನು ಹೀರಿಕೊಳ್ಳುತ್ತದೆ. ದೀಪವನ್ನು ರಾತ್ರಿ ಉರಿಸುವುದು ಜಾಣತನ. ಆಗ ಜೀವಿಗಳ ಉಸಿರಾಟದಿಂದ ಬರುವ ಕಾರ್ಬನ್ ಡೈಆಕ್ಸೈಡನ್ನು ಪಾಚಿ ಬಳಸಿಕೊಳ್ಳುವುದರಿಂದ ನೀರಿನ ಪಿಹೆಚ್ ಹೆಚ್ಚು ಇಳಿಯದು.

ಆದರೆ ಪಾಚಿ ಏನನ್ನೂ ನಾಶಮಾಡುವುದಿಲ್ಲ, ಕೂಡಿಡುತ್ತದೆ ಅಷ್ಟೆ. ದ್ರವ್ಯ ಸಂರಕ್ಷಣೆಯ ನಿಯಮವನ್ನು ನೆನಪಿಸಿಕೊಳ್ಳಿ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಪರದೆಯನ್ನು ಕೆರೆದು ಪಾಚಿಯನ್ನು ಹೊರಹಾಕಿದಾಗಲೇ ಆ ಪರಮಾಣುಗಳು ತೊಟ್ಟಿಯನ್ನು ಬಿಟ್ಟಂತೆ. ಹಾಗೇ ಬಿಟ್ಟರೆ ಒಳಪದರ ಕೊಳೆತು, ಹೀರಿದ್ದೆಲ್ಲ ಮರಳಿ ನೀರಿಗೇ ಸೇರುತ್ತದೆ.

ಹಾಗೆಂದು ಫಾಸ್ಫೇಟನ್ನು ಸೊನ್ನೆಗಿಳಿಸಲು ಹೊರಡಬಾರದು. ಹವಳದ ಅಂಗಾಂಶದೊಳಗೆ ವಾಸಿಸುತ್ತ ಅದಕ್ಕೆ ಆಹಾರ ಒದಗಿಸುವ ಏಕಕೋಶ ಶೈವಲಗಳಿಗೂ ರಂಜಕ ಬೇಕು. ಅದು ಸಿಗದಿದ್ದರೆ ಹವಳ ಬಿಳಿಚಿಕೊಳ್ಳಬಹುದು.