ಎರಡು ಸಾಲಿನ ಕವಿತೆ

ಪ್ರಶ್ನೆ: ಎಜ್ರಾ ಪೌಂಡನ ಎರಡೇ ಸಾಲಿನ ಮೆಟ್ರೋ ನಿಲ್ದಾಣದ ರಚನೆ ಕವಿತೆಯೆನಿಸುವುದೆಂತು? ಅದರ ಭಾವವೇನು?

ಉತ್ತರ: ಪ್ಯಾರಿಸಿನ ಭೂಗರ್ಭ ರೈಲಿನಿಂದಿಳಿದ ಕವಿಗೆ ಜನಸಂದಣಿಯ ನಡುವೆ ಒಂದರ ಹಿಂದೊಂದಾಗಿ ಗೋಚರಿಸಿದ ಸುಂದರ ಮುಖಗಳಿಂದ ಹುಟ್ಟಿ, 1913ರಲ್ಲಿ ಷಿಕಾಗೋವಿನ ‘ಪೊಯಟ್ರಿ’ ಪತ್ರಿಕೆಯಲ್ಲಿ ಅಚ್ಚಾದ ಈ ಕೃತಿಯನ್ನು, ಮೊದಲು 30 ಸಾಲುಗಳಲ್ಲಿ ಬರೆದು ನಾಶಮಾಡಿ, ಆರು ತಿಂಗಳ ತರುವಾಯ ಅದರರ್ಧಕ್ಕಿಳಿಸಿ, ಮತ್ತೊಂದು ವರ್ಷ ಕಳೆದಮೇಲೆ ಜಪಾನಿನ ಹೈಕುವಿನಂಥ ಈ ಆಕಾರಕ್ಕೆ ತಂದುದಾಗಿ ಅವನೇ ಹೇಳಿಕೊಂಡಿರುವನು. ಇದರ ಹ್ರಸ್ವತೆ ಆಲಸ್ಯದ ಫಲವಂತೂ ಅಲ್ಲ.

ಶೀರ್ಷಿಕೆಯನ್ನುಳಿದು ಮೂಲದಲ್ಲಿರುವುದು 14 ಪದಗಳು. ಅವುಗಳಲ್ಲಿ ಕ್ರಿಯಾಪದ ಒಂದೂ ಇಲ್ಲ. ಮೊದಲ ಸಾಲಿನಲ್ಲಿ ಛಾಯೆಗಳಂತೆ ಮೂಡುವ ಮುಖಗಳು, ಎರಡನೆಯದರಲ್ಲಿ ನೆನೆದ ಕಪ್ಪು ಕೊಂಬೆಗಂಟಿದ ಎಸಳುಗಳು. ಇವೆರಡನ್ನೂ ಬೆಸೆಯಬೇಕಾಗಿದ್ದ ಉಪಮಾವಾಚಕವನ್ನು ಕವಿ ಬೇಕೆಂದೇ ಲೋಪಗೊಳಿಸಿರುವುದರಿಂದ, ಆ ಸಂಬಂಧವನ್ನು ಕಲ್ಪಿಸುವ ಭಾರ ಸಹೃದಯನ ಮೇಲೆ ಬೀಳುತ್ತದೆ. ನಾದವೂ ಇದಕ್ಕನುಗುಣವಾಗಿದೆ: ಮೊದಲ ಸಾಲು ಹಗುರವಾಗಿ ಹರಿದುಹೋದರೆ, ಎರಡನೆಯದು ಕಡೆಗೆ ಒತ್ತುಳ್ಳ ಮೂರು ಏಕಾಕ್ಷರಪದಗಳ ಮೇಲೆ ತಡೆದು ನಿಲ್ಲುತ್ತದೆ. ಶೀರ್ಷಿಕೆಯನ್ನು ತೆಗೆದುಬಿಟ್ಟರೆ ಉಳಿಯುವುದು ಎಲ್ಲಿಯದೆಂದು ತಿಳಿಯದ ಜನಸಂದಣಿಯ ಚಿತ್ರ. ಆ ಶೀರ್ಷಿಕೆ ವಾಸ್ತವವಾಗಿ ಮೂರನೆಯ ಸಾಲೇ ಸರಿ.

ಭಾವವನ್ನು ಕೇವಲ ಸೌಂದರ್ಯಾನಂದವೆಂದು ಎಣಿಸುವವರೊಡನೆ ನನಗೆ ಪೂರ್ಣ ಸಹಮತವಿಲ್ಲ. ನೆಲದಡಿಯ ಮಬ್ಬು, ಮೊದಲ ಸಾಲಿನಲ್ಲಿ ಛಾಯೆಯನ್ನು ಸೂಚಿಸುತ್ತ ಪ್ರೇತಸ್ಮರಣೆಯನ್ನು ತರುವ ಪದ, ಕೊಂಬೆಯ ಕಪ್ಪು, ಉದುರಲಿರುವ ಎಸಳು, ಇವೆಲ್ಲ ಕೂಡಿ ವಿಸ್ಮಯದೊಳಗೆ ನಶ್ವರತೆಯ ವಿಷಾದವನ್ನು ಬೆರೆಸುತ್ತವೆ. ಧ್ವನಿಸಿದ್ಧಾಂತದ ಆನಂದವರ್ಧನನು ಕಂಡಿದ್ದರೆ, ಈ ವಿಷಾದವನ್ನು ನೇರವಾಗಿ ಹೇಳಿದ ವಾಚ್ಯವೆನ್ನದೆ ಸೂಚಿತವಾದ ಧ್ವನಿಯೆಂದೇ ಕರೆಯುತ್ತಿದ್ದನು.