ಕೆಳದುಟಿಯ ಮೇಲೆ ನೀಲಿ ಬೆಳಕು

ದಕ್ಷಿಣ ಬ್ರೆಜಿಲ್ಲಿನಲ್ಲಾಗಲಿ ಆಸ್ಟ್ರೇಲಿಯದಲ್ಲಾಗಲಿ ದಶಕಗಳ ಕಾಲ ಬಯಲ ಬಿಸಿಲಿಗೆ ಮುಖವೊಡ್ಡಿ ದುಡಿದ ಬಿಳಿವರ್ಣದ ಬೆಸ್ತರಲ್ಲಿ, ಬೇಸಾಯಗಾರರಲ್ಲಿ, ಕೆಳದುಟಿಯು ಮೊದಲು ಒಣಗಿ, ಸಿಪ್ಪೆಯೆದ್ದು, ಅಲ್ಲಲ್ಲಿ ಬಿಳುಪೇರಿ, ಕಡೆಗೆ ತುಟಿಯ ಕೆಂಪು ಎಲ್ಲಿ ಮುಗಿದು ಮುಖದ ಚರ್ಮ ಎಲ್ಲಿ ತೊಡಗುವುದೆಂಬ ಗೆರೆಯನ್ನೇ ಕಳೆದುಕೊಳ್ಳುವುದುಂಟು. ವೈದ್ಯರು ಆಕ್ಟಿನಿಕ್ ಕೀಲೈಟಿಸ್ ಎಂದು ಕರೆಯುವ ಈ ವಿಕಾರವು ಕ್ಯಾನ್ಸರ್ ಅಲ್ಲ. ಕ್ಯಾನ್ಸರಿಗೆ ತಿರುಗಬಲ್ಲ ಪೂರ್ವಾವಸ್ಥೆ. ಆಕಾಶಕ್ಕೆ ಅಭಿಮುಖವಾಗಿರುವುದು ಕೆಳದುಟಿಯೇ. ಚರ್ಮಕ್ಕಿರುವಂಥ ದಪ್ಪ ಹೊರಪದರವಾಗಲಿ ಮೆಲನಿನ್ನಿನ ಸಮೃದ್ಧ ರಕ್ಷಣೆಯಾಗಲಿ ಅದಕ್ಕಿಲ್ಲ.

ಕಷ್ಟವಿರುವುದು ಸ್ಥಳನಿರ್ಣಯದಲ್ಲಿ. ಹಾನಿಯು ತುಟಿಯುದ್ದಕ್ಕೂ ಹರಡಿರುವಾಗ, ಅದರ ಯಾವ ಭಾಗದ ಜೀವಕೋಶಗಳು ಕೆಡುತ್ತಿವೆಯೆಂಬುದನ್ನು ಅನುಭವಿಯಾದ ವೈದ್ಯನ ಕಣ್ಣೂ ಖಚಿತವಾಗಿ ಹೇಳಲಾರದು. ತಪ್ಪು ಜಾಗದಿಂದ ತೆಗೆದ ಬಯಾಪ್ಸಿಯ ಚೂರು, ರೋಗವಿದ್ದರೂ ಇಲ್ಲವೆಂದೇ ಸಾಕ್ಷಿ ನುಡಿದೀತು.

ಬೆಳಕು ನೆರವಿಗೆ ಬರುವುದು ಇಲ್ಲಿ. ಕೋಣೆಯ ದೀಪವಾರಿಸಿ, 400ರಿಂದ 460 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ತುಟಿಯ ಮೇಲೆ ಹಾಯಿಸಿ, ಮರಳಿ ಬರುವ ನೀಲಿಯನ್ನು ತಡೆಯುವ ಗಾಜಿನ ಮೂಲಕ ನೋಡಿದರೆ, ಆರೋಗ್ಯವಾದ ಅಂಗಾಂಶವು ತನ್ನೊಳಗಿನ ಕೊಲಾಜನ್ ನಾರುಗಳ, ಫ್ಲೇವಿನ್ ಅಣುಗಳ ಪ್ರತಿದೀಪ್ತಿಯಿಂದ ಎಳೆಹಸುರಾಗಿ ಹೊಳೆಯುವುದು. ಕೊಲಾಜನ್ ಶಿಥಿಲವಾಗಿ, ಮೇಲ್ಪದರ ದಪ್ಪವೇರಿ, ರಕ್ತಸಂಚಾರ ಹೆಚ್ಚಿದೆಡೆಯಲ್ಲಿ ಆ ಹಸುರು ಕುಂದಿ ಕರಿಯ ಮಚ್ಚೆಯಾಗಿ ತೋರುವುದು. ಬರಿಯ ಉರಿಯೂತವೂ ಹೀಗೆಯೇ ಕಪ್ಪಾಗಿ ತೋರಬಲ್ಲದಾದುದರಿಂದ, ಗಾಜಿನ ಪಟ್ಟಿಯಿಂದ ಮಚ್ಚೆಯನ್ನು ಮೆಲ್ಲನೆ ಒತ್ತಿ ನೋಡುವ ಕ್ರಮವುಂಟು: ರಕ್ತ ಸರಿದೊಡನೆ ಹಸುರು ಮರಳಿದರೆ ಉರಿಯೂತದ ಸಂಭವವೇ ಹೆಚ್ಚು, ಮರಳದಿದ್ದರೆ ಚೂರು ತೆಗೆಯಬೇಕಾದ ಜಾಗ ಬಹುಶಃ ಅದೇ. ಅಮೈನೊಲೆವುಲಿನಿಕ್ ಆಮ್ಲವನ್ನು ಲೇಪಿಸಿ, ವಿಕೃತ ಕೋಶಗಳಲ್ಲಿ ಹೆಚ್ಚಾಗಿ ಶೇಖರವಾಗುವ ಪೋರ್ಫಿರಿನ್ನಿನ ಕೆಂಪು ಹೊಳಪನ್ನು ನೋಡುವ ವಿಧಾನವೂ ಇದೆ.

ಇದಕ್ಕಿಂತ ಸೂಕ್ಷ್ಮವಾದ ಮಾರ್ಗವೊಂದಕ್ಕೆ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಪರಿಣಾಮವೇ ಆಧಾರ. ಅಂಗಾಂಶಕ್ಕೆ ತಾಕಿ ಚದರಿದ ಲೇಸರ್ ಕಿರಣದ ಅತ್ಯಲ್ಪಾಂಶವು, ಪ್ರೋಟೀನು, ಕೊಬ್ಬು, ನ್ಯೂಕ್ಲಿಯಿಕ್ ಆಮ್ಲ ಮೊದಲಾದವುಗಳ ಅಣುಕಂಪನಕ್ಕೆ ಅನುಗುಣವಾಗಿ ಬಣ್ಣ ಬದಲಿಸುವುದರಿಂದ, ಅವುಗಳ ಪ್ರಮಾಣ ಏರುಪೇರಾದುದನ್ನು ಕತ್ತರಿ ತಾಗಿಸದೆಯೇ ಅಳೆಯಬಹುದು. ನಮ್ಮ ಮಣಿಪಾಲದಲ್ಲಿಯೂ ಬಾಯಿಯ ಕ್ಯಾನ್ಸರಿನ ವಿಷಯದಲ್ಲಿ ಲೇಸರ್ ರೋಹಿತದ ಸಂಶೋಧನೆ ನಡೆದಿದೆ. ನಮ್ಮವರ ತುಟಿಗೂ ಬಾಯಿಗೂ ಬಿಸಿಲಿಗಿಂತ ಹೊಗೆಸೊಪ್ಪಿನದೇ ದೊಡ್ಡ ಪೀಡೆಯಾಗಿರುವಾಗ ಆ ಶ್ರಮ ಎಷ್ಟು ಮುಂದುವರಿದರೂ ಅಧಿಕವಲ್ಲ.

ಹಸುರು ಹೊಳೆಯಿತೆಂಬ ಒಂದೇ ಕಾರಣಕ್ಕೆ ರೋಗಿಯನ್ನು ನಿಶ್ಚಿಂತನಾಗಿ ಮನೆಗೆ ಕಳುಹಿಸುವುದನ್ನು ಮಾತ್ರ ನಾನು ಒಪ್ಪಲಾರೆ. ವಾರಗಟ್ಟಲೆ ಮಾಯದ ಹುಣ್ಣು, ಬೆರಳಿಗೆ ಗಡುಸಾಗಿ ತಾಕುವ ಗಂಟು ಇದ್ದಲ್ಲಿ, ಉಪಕರಣ ಏನನ್ನೇ ತೋರಲಿ, ಅಲ್ಲಿಂದ ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಲೇಬೇಕು.