ಅಂಗೈ ಮೇಲೆ ಬಜಪೆಯ ಡಕೋಟಾ

1951ರ ಡಿಸೆಂಬರ್ 25. ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಶುರುವಾದ ದಿನ. ಪ್ರಧಾನಿ ನೆಹರೂ ಬಂದಿಳಿದದ್ದು ಡಗ್ಲಾಸ್ ಡಿಸಿ-3ರಲ್ಲಿ. ನಮ್ಮವರ ಬಾಯಲ್ಲಿ ಅದು ಡಕೋಟಾ.

ಈ ವಿಮಾನದ ಪುಟ್ಟ ಮಾದರಿಯನ್ನು ನಗರದ ಹಂಪನಕಟ್ಟೆಯ ಒಂದು ಕೋಣೆಯಲ್ಲಿ, ಮೇಜಿನ ಮೇಲೆ ಕಟ್ಟಬಹುದು. ಅಳತೆ 144ರಲ್ಲಿ ಒಂದು ಪಾಲು. 29 ಮೀಟರ್ ರೆಕ್ಕೆ ಇಲ್ಲಿ ಬರೀ 20 ಸೆಂಟಿಮೀಟರ್.

ಮಾದರಿಯ ಭಾಗಗಳನ್ನು ರೆಸಿನ್‌ನಲ್ಲಿ ಎರಕ ಹೊಯ್ಯಬೇಕು. ಸಿಲಿಕೋನ್ ಅಚ್ಚಿಗೆ ಎರಡು ದ್ರವ ಬೆರೆಸಿ ಸುರಿದರೆ ರೆಸಿನ್ ಗಟ್ಟಿಯಾಗುತ್ತದೆ. ಆದರೆ ಮಂಗಳೂರಿನ ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ! ಪಾಲಿಯುರೆಥೇನ್ ರೆಸಿನ್‌ಗೆ ತೇವ ತಾಗಿದರೆ ಒಳಗೆ ಅನಿಲ ಹುಟ್ಟಿ, ನೊರೆಯೆದ್ದು, ಮೈತುಂಬ ಗುಳ್ಳೆ. ಡಿಸೆಂಬರ್, ಜನವರಿಯ ಒಣಹವೆಯೇ ಸರಿ.

ಅಚ್ಚಿನಿಂದ ತೆಗೆದ ಭಾಗಗಳನ್ನು ಸೋಪಿನ ನೀರಲ್ಲಿ ತೊಳೆಯಿರಿ. ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಪ್ಲಾಸ್ಟಿಕ್ ಮಾಡೆಲ್‌ನ ಅಂಟು ಇಲ್ಲಿ ನಡೆಯುವುದಿಲ್ಲ, ಸೂಪರ್ ಗ್ಲೂ ಬೇಕು. ರೆಕ್ಕೆ ಬಾಗಿದೆಯೇ? ಬಿಸಿನೀರಲ್ಲಿ ಅದ್ದಿ, ಮೆಲ್ಲಗೆ ನೇರ ಮಾಡಿ, ತಣ್ಣೀರಿಗೆ ಹಾಕಿ. ನಮ್ಮ ಸೆಕೆಗೆ ಮತ್ತೆ ಜೋತು ಬೀಳದಂತೆ ಒಳಗೊಂದು ಹಿತ್ತಾಳೆ ತಂತಿ ಕೂರಿಸಿ.

ಒಂದು ಅನುಕೂಲವಿದೆ. ಡಕೋಟಾ ಮೂಗೆತ್ತಿ, ಬಾಲದ ಚಕ್ರದ ಮೇಲೆ ಕೂರುವ ವಿಮಾನ. ಹಾಗಾಗಿ ಮೂಗಿನೊಳಗೆ ಭಾರ ತುಂಬುವ ತಾಪತ್ರಯವಿಲ್ಲ.

ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿಯೇ ಉಜ್ಜಿ, ಮಾಸ್ಕ್ ತೆಗೆಯಬೇಡಿ.

ಇನ್ನು ಬಣ್ಣ. 1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಹುಟ್ಟಿದಾಗ ಅದರ ವಿಮಾನಗಳಲ್ಲಿ ಬಹುಪಾಲು ಡಕೋಟಾಗಳೇ. ಅವುಗಳ ಗೆರೆ, ಅಕ್ಷರ ಸರಿಯಾಗಿ ಬರೆಯಲು ಹಳೇ ಫೋಟೊಗಳೇ ಆಧಾರ. ನಿಮ್ಮ ಮನೆಯ ಆಲ್ಬಮ್‌ನಲ್ಲಿ ಬಜಪೆಯ ಡಕೋಟಾ ಇದ್ದರೆ, ದಯವಿಟ್ಟು ಎಸೆಯಬೇಡಿ. ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.